ಮಂಗಳವಾರದ ರಂಜಿತ

ಮಂಗಳವಾರ ಬೆಳಗ್ಗೆ ಎಂಟರಿಂದ ಒಂಬತ್ತರವರೆಗೆ ನನ್ನ ಹೆಸರು ರಂಜಿತ. ಉಳಿದ ಹೊತ್ತೆಲ್ಲ ಧನಶ್ರೀ.

ಭಾರತಮ್ಮನವರ ಮನೆಯ ಜಗಲಿಯ ಮೇಲೆ ಸಂಘದ ಹೆಂಗಸರೆಲ್ಲ ಸಾಲಾಗಿ ಕೂರುತ್ತಿದ್ದೆವು. ಸಾಲ ಕೊಟ್ಟ ಕಂಪನಿಯ ಸುರೇಶ್ ಸಾರ್ ಬೈಕ್ ನಿಲ್ಲಿಸಿ, ಹೆಲ್ಮೆಟ್ಟನ್ನೂ ತೆಗೆಯದೆ ಹಾಜರಿ ಕೂಗುತ್ತಿದ್ದರು. "ಆದಿಲಕ್ಷ್ಮಿ" ಎಂದಾಗ ನಮ್ಮಮ್ಮ ಕೈ ಎತ್ತುತ್ತಿದ್ದಳು. "ರಂಜಿತ" ಎಂದಾಗ ನಾನು "ಬಂದಿದೀನಿ ಸಾರ್" ಎನ್ನುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು. ಈ ಹುಡುಗಿ ವಾರಕ್ಕೆ ಗಟ್ಟಿಯಾಗಿ ಆಡುವುದೇ ಎರಡು ಮಾತು ಎಂದು ಭಾರತಮ್ಮ ನಗುತ್ತಿದ್ದರು.

ನಿಜವಾದ ರಂಜಿತ ನನ್ನ ದೊಡ್ಡಪ್ಪನ ಮಗಳು. ನನಗಿಂತ ಹನ್ನೊಂದು ದಿನ ದೊಡ್ಡವಳು. ಒಂದೇ ಮನೆಗೆ ನಡುವೆ ಗೋಡೆ ಹಾಕಿ ಎರಡು ಮಾಡಿದ್ದರು. ಆ ಕಡೆ ಅವಳು, ಈ ಕಡೆ ನಾನು. ಎಂಟನೇ ಕ್ಲಾಸಿನವರೆಗೆ ಒಂದೇ ಬೆಂಚು. ಆಮೇಲೆ ಅಪ್ಪ ರೇಷ್ಮೆ ಹುಳು ಸಾಕಲು ಶುರುಮಾಡಿದ. ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕಬೇಕು, ಅಮ್ಮನ ಎರಡು ಕೈ ಸಾಲದು. "ಈ ಬೆಳೆ ಒಂದು ಮುಗೀಲಿ, ಆಮೇಲೆ ಸ್ಕೂಲಿಗೆ ಹೋಗುವಂತೆ" ಎಂದರು. ಆ ಬೆಳೆ ಮುಗಿಯಿತು. ತಟ್ಟೆ ತೊಳೆದು ಒಣಗಿಸುವಷ್ಟರಲ್ಲಿ ಮುಂದಿನ ಬೆಳೆಯ ಹುಳು ಮನೆಗೆ ಬಂದವು. ಮಧ್ಯದಲ್ಲಿ ಸ್ಕೂಲಿಗೆ ಹೋಗುವಷ್ಟು ಜಾಗವೇ ಸಿಗಲಿಲ್ಲ.

ರಂಜಿತ ಪಿಯುಸಿ ಮುಗಿಸಿ ನರಸಾಪುರದ ಫ್ಯಾಕ್ಟರಿಗೆ ಸೇರಿದಳು. ಮೇನ್ ರೋಡಿನಲ್ಲಿ ನಮ್ಮೂರ ಗೇಟಿಗೇ ಕಂಪನಿ ಬಸ್ಸು ಬರುತ್ತಿತ್ತು. ಕೊರಳಲ್ಲಿ ನೀಲಿ ಪಟ್ಟಿಯ ಕಾರ್ಡು ಹಾಕಿಕೊಂಡು ಅವಳು ಬಸ್ಸು ಹತ್ತುವುದನ್ನು ನಾನು ಸೊಪ್ಪಿನ ತೋಟದಿಂದ ನೋಡುತ್ತಿದ್ದೆ. ಅವಳು ಕೈ ಬೀಸುತ್ತಿದ್ದಳು. ನಾನು ಕುಡುಗೋಲು ಹಿಡಿದ ಕೈಯನ್ನೇ ಎತ್ತುತ್ತಿದ್ದೆ. ಅವಳ ಮೇಲೆ ನನಗೆ ಪ್ರೀತಿ ಇರಲಿಲ್ಲ ಎಂದಲ್ಲ. ಅವಳ ಹೊಸ ಚಪ್ಪಲಿಯ ಎತ್ತರ ಎಷ್ಟು, ಕಾರ್ಡಿನ ಫೋಟೋದಲ್ಲಿ ಕೂದಲು ಹೇಗೆ ಬಾಚಿದ್ದಾಳೆ, ಊಟದ ಡಬ್ಬಕ್ಕೆ ಎಷ್ಟು ಖಾನೆ ಇವೆ, ಇದೆಲ್ಲ ನನಗೆ ಗೊತ್ತಿತ್ತು. ಬರೀ ಪ್ರೀತಿ ಇರುವವರು ಇಷ್ಟೆಲ್ಲ ನೋಡಿಡುವುದಿಲ್ಲ.

ಎರಡು ವರ್ಷದ ಹಿಂದೆ ಹುಳು ಮನೆಗೆ ಕಬ್ಬಿಣದ ಅಟ್ಟಣಿಗೆ ಮಾಡಿಸಬೇಕಾಯಿತು. ಅಮ್ಮನ ಹೆಸರಿನಲ್ಲಿ ಆಗಲೇ ಸಂಘದ ಸಾಲ ಇತ್ತು. ನನ್ನ ಹೆಸರಿಗೆ ಕೊಡುವಂತಿರಲಿಲ್ಲ. ಆಧಾರ್ ಮಾಡಿಸುವಾಗ ಯಾರೋ ನನ್ನ ಹುಟ್ಟಿದ ವರ್ಷವನ್ನು ಆರು ವರ್ಷ ಮುಂದಕ್ಕೆ ಹಾಕಿಬಿಟ್ಟಿದ್ದರು. ಸರ್ಕಾರದ ಲೆಕ್ಕದಲ್ಲಿ ನನಗೆ ಆಗ ಹದಿನೈದು. ಸರಿಮಾಡಿಸಲು ಸ್ಕೂಲಿನ ದಾಖಲೆ ತರಬೇಕು, ಸ್ಕೂಲಿಗೆ ಹೋದರೆ ಯಾಕೆ ಬಿಟ್ಟೆ ಎಂದು ಕೇಳುತ್ತಾರೆ. ನನಗೆ ಆ ಮೇಷ್ಟ್ರ ಎದುರು ನಿಲ್ಲುವ ಧೈರ್ಯ ಬರಲಿಲ್ಲ.

ರಂಜಿತಳೇ ನಡುಗೋಡೆಯ ಆ ಕಡೆಯಿಂದ ಕೂಗಿ ಹೇಳಿದಳು. "ನನ್ನ ಹೆಸ್ರಲ್ಲಿ ತಗೊಳ್ಳಿ ಚಿಕ್ಕಮ್ಮ. ಹೆಸ್ರು ತಾನೆ, ಕೊಟ್ರೆ ಸವೆದೋಗುತ್ತಾ?"

ಮೊದಲ ದಿನ ಫೋಟೋ ತೆಗೆಸಲು ಮಾತ್ರ ಅವಳು ಬಂದಳು. ಆಮೇಲೆ ಅವಳಿಗೆ ಶಿಫ್ಟು. ಕಂತು ನಮ್ಮದು, ಮೀಟಿಂಗಿಗೆ ಹೋಗುವವಳು ನಾನು. ಸ್ವಲ್ಪ ದಿನಕ್ಕೆ ಹಳೇ ಸಾರ್ ಹೋಗಿ ಸುರೇಶ್ ಸಾರ್ ಬಂದರು. ಅವರು ನನ್ನನ್ನೇ ರಂಜಿತ ಎಂದುಕೊಂಡರು. ಯಾರೂ ತಿದ್ದಲಿಲ್ಲ. ಸಾಲದ ಕಾರ್ಡಿನ ಮೇಲೆ ಅವಳ ಸಹಿಯನ್ನೂ ನಾನೇ ಹಾಕುತ್ತಿದ್ದೆ. ಅವಳದು ಅವಸರದ ಸಹಿ. ನಾನು ಕೊನೆಯ ಅಕ್ಷರದ ಕೆಳಗೆ ಒಂದು ಬಾಲ ಎಳೆದು, ಅದರ ಮೇಲೆ ಎರಡು ಚುಕ್ಕಿ ಇಡುತ್ತಿದ್ದೆ. ನನ್ನ ಹೆಸರನ್ನು ನಾನು ಅಷ್ಟು ಚೆನ್ನಾಗಿ ಎಂದೂ ಬರೆದಿಲ್ಲ. ಬರೆಯುವ ಸಂದರ್ಭವೇ ಬಂದಿಲ್ಲ.

ನಡುವೆ ರಂಜಿತಳ ಮದುವೆಯಾಯಿತು. ಗಂಡ ಉಮೇಶ್ ಭಾವ ಅದೇ ಫ್ಯಾಕ್ಟರಿಯಲ್ಲಿ ಮಷೀನ್ ರಿಪೇರಿ ಮಾಡುವವರು. ಅತ್ತೆ ಶಾಮಲಮ್ಮನವರ ಜೊತೆ ಕೋಲಾರದಲ್ಲಿ ಬಾಡಿಗೆ ಮನೆ ಮಾಡಿದರು. ನಮ್ಮೂರು ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವ ದಾರಿಯಲ್ಲೇ ಇದ್ದುದರಿಂದ ಹೋಗಿ ಬರುವುದು ಇದ್ದೇ ಇತ್ತು.

ಈ ಬೆಳೆಯ ಹುಳು ಮನೆಗೆ ಬಂದ ದಿನವೇ ಆ ಸಾಲದ ಕೊನೆಯ ಕಂತು ಕಟ್ಟಿದ್ದು. ಸುರೇಶ್ ಸಾರ್ ಒಂದು ಕಾಗದ ಕೊಟ್ಟರು. ರಂಜಿತ ಎಂಬುವರು ಪಡೆದ ಸಾಲ ಪೂರ್ತಿ ತೀರಿದೆ, ಬಾಕಿ ಏನೂ ಇಲ್ಲ ಎಂದು ಅದರಲ್ಲಿತ್ತು. ಕೆಳಗೆ ಸದಸ್ಯರ ಸಹಿ, ದಿನಾಂಕ.

"ಎರಡು ಕಡೆ ಸೈನ್ ಹಾಕಿ ರಂಜಿತ ಅವರೇ. ಒಂದು ನಮಗೆ, ಒಂದು ನಿಮಗೆ. ಒಂದು ವಾರನೂ ತಪ್ಪಿಸಿಲ್ಲ ನೀವು. ನಿಮ್ಮಂಥ ಮೆಂಬರ್ ಇದ್ರೆ ನಮಗೆ ಬಿಪಿನೇ ಬರಲ್ಲ."

ಬಾಲ ಎಳೆದು, ಎರಡು ಚುಕ್ಕಿ ಇಟ್ಟು, ತಾರೀಖು ಬರೆದೆ. ಹೊಗಳಿಸಿಕೊಂಡಿದ್ದಕ್ಕೆ ಕಿವಿ ಬಿಸಿಯಾಯಿತು. ಆದರೆ ಹೊಗಳಿಕೆ ಹೋಗಿ ಬಿದ್ದದ್ದು ಅವಳ ಹೆಸರಿಗೆ.

ಅದೇ ದಿನ ಸಂಜೆ ರಂಜಿತ ಫೋನ್ ಮಾಡಿದಳು.

"ಧನು, ಮನೆ ನೋಡಿದೀನಿ ಕಣೇ! ಕೋಲಾರದಲ್ಲೇ. ಒಬ್ರು ರಿಟೈರ್ಡ್ ಮೇಷ್ಟ್ರದ್ದು, ಮಗಳ ಮನೆ ಕಡೆ ಹೋಗ್ತಾರಂತೆ. ಅಡ್ವಾನ್ಸ್ ಕೊಟ್ಟಾಯ್ತು. ಬ್ಯಾಂಕಲ್ಲಿ ಹೋಮ್ ಲೋನ್ ಹಾಕಿದೀನಿ, ನನ್ನ ಸಂಬಳದ ಮೇಲೇ. ಒಂದೇ ಒಂದು ತೊಡಕು. ಸ್ಕೂಟಿ ಸಾಲ ಇನ್ನೂ ಇದೆ ನೋಡು, ಅದ್ರ ಜೊತೆ ಸಂಘದ ಸಾಲನೂ ಕಂಪ್ಯೂಟರಲ್ಲಿ ತೋರಿಸ್ತಿದೆಯಂತೆ. ಸ್ಕೂಟಿ ಒಂದೇ ಆದ್ರೆ ಪರವಾಗಿಲ್ಲ, ಎರಡೂ ಇದ್ರೆ ನನ್ನ ಸಂಬಳಕ್ಕೆ ಮನೆ ಕಂತು ಕೂರಲ್ಲ ಅಂತಾರೆ. ನಿಮ್ಮದು ಮುಗೀತಾ ಬಂತಲ್ವಾ?"

"ಮುಗೀತು" ಎಂದೆ. "ಇವತ್ತೇ ಕೊನೇದು ಕಟ್ಟಿದ್ವಿ."

"ಅಬ್ಬಾ! ಹಂಗಾದ್ರೆ ಅವರೊಂದು ಎನ್‌ಒಸಿ ಕೊಡ್ತಾರೆ, ತೀರಿದೆ ಅಂತ. ಕಂಪ್ಯೂಟರಲ್ಲಿ ಅಳಿಸೋಕೆ ತಿಂಗಳಾಗುತ್ತಂತೆ, ಅಲ್ಲೀವರೆಗೆ ಆ ಕಾಗದ ತೋರಿಸಿದ್ರೆ ಸಾಕಂತೆ. ಭಾನುವಾರ ಮನೆ ನೋಡೋಕೆ ಬಾ. ಬಂದಿದ್ರೆ ತಗೊಂಡು ಬಾ."

ಬಂದಿದೆ ಎಂದು ಹೇಳುವಷ್ಟರಲ್ಲಿ ಅವಳ ಬಸ್ಸು ಬಂತು, ಫೋನ್ ಇಟ್ಟಳು. ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಭಾನುವಾರ ಕೋಲಾರದ ಬಸ್ಸು ಹತ್ತಿದಾಗ ಕಾಗದ ನನ್ನ ಬ್ಯಾಗಿನಲ್ಲೇ ಇತ್ತು, ಮಡಿಕೆ ಬೀಳದಿರಲೆಂದು ಹಳೇ ಕ್ಯಾಲೆಂಡರಿನ ಹಾಳೆಯೊಳಗೆ ಸುತ್ತಿಟ್ಟಿದ್ದೆ.

ಮನೆ ಚಿಕ್ಕದು. ಒಂದು ಹಾಲು, ಒಂದು ರೂಮು, ಅಡುಗೆಮನೆ. ಮುಂದೆ ಒಂದು ಸೀಬೆ ಗಿಡ. ದೊಡ್ಡ ಬಂಗಲೆ ಇದ್ದಿದ್ದರೆ ನನಗೆ ಏನೂ ಆಗುತ್ತಿರಲಿಲ್ಲವೇನೋ. ಅದು ನನ್ನ ಅಳತೆಗೆ ಸರಿಯಾಗಿತ್ತು. ಅಡುಗೆಮನೆಯ ಕಟ್ಟೆ ನನ್ನ ಸೊಂಟದೆತ್ತರಕ್ಕೇ ಇತ್ತು. ಅದರ ಮೇಲೆ ಪೂರ್ವಕ್ಕೆ ಕಿಟಕಿ. ನಲ್ಲಿ ತಿರುಗಿಸಿದರೆ ಒಳಗೇ ನೀರು. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ. ನಮ್ಮ ಬಚ್ಚಲಿಗೆ ಈಗಲೂ ಗೋಣಿಚೀಲದ ಪರದೆ. ಸ್ನಾನ ಮಾಡುವಾಗ ಒಂದು ಕೈ ಅದರ ಮೇಲೇ ಇರುತ್ತದೆ.

ರಂಜಿತ ಆ ಚಿಲಕವನ್ನು ಹಾಕಿ ತೆಗೆದು ತೋರಿಸಿದಳು. "ನೋಡೇ, ಎಷ್ಟು ನುಣ್ಣಗೆ ಹೋಗುತ್ತೆ."

ನಾನೂ ಒಂದು ಸಲ ಹಾಕಿ ತೆಗೆದೆ. ನುಣ್ಣಗೇ ಹೋಯಿತು.

"ಯಾರ ಹೆಸ್ರಿಗೆ?" ಎಂದು ಕೇಳಿದೆ.

"ನನ್ನದಕ್ಕೇ. ಅಡ್ವಾನ್ಸ್ ನನ್ನ ದುಡ್ಡು, ಲೋನ್ ನನ್ನ ಸಂಬಳದ ಮೇಲೆ, ಇನ್ಯಾರ ಹೆಸ್ರಿಗೆ? ಉಮೇಶ್ ಒಪ್ಪಿದಾರೆ. ಅತ್ತೆ ಮುಖ ಮಾತ್ರ ಇಷ್ಟುದ್ದ ಆಗಿದೆ." ಅವಳು ಕೆನ್ನೆಯನ್ನು ಎರಡು ಕೈಯಲ್ಲಿ ಕೆಳಕ್ಕೆ ಎಳೆದು ತೋರಿಸಿ ನಕ್ಕಳು. ಆಮೇಲೆ ಗೋಡೆಯ ಮೂಲೆ, ಅಟ್ಟದ ಜೇಡರ ಬಲೆ ಎಲ್ಲ ನೋಡುತ್ತ, "ಧನು, ಗೃಹಪ್ರವೇಶಕ್ಕೆ ನೀನು ಎರಡು ದಿನ ಮುಂಚೆನೇ ಬಂದ್ಬಿಡು. ತೊಳೆಯೋದು, ಬಳಿಯೋದು ತುಂಬಾ ಇರುತ್ತೆ. ನಿನ್ನ ಕೈಯಲ್ಲಾದ್ರೆ ಬೇಗ ಮುಗಿಯುತ್ತೆ" ಎಂದಳು.

ಅವಳು ಅದನ್ನು ಸಲಿಗೆಯಿಂದಲೇ ಹೇಳಿದಳು. ನಮ್ಮಲ್ಲಿ ಅಕ್ಕತಂಗಿಯರನ್ನು ಹಾಗೆಯೇ ಕರೆಯುವುದು. ಆದರೆ ನನಗೆ ಅಲ್ಲಿ ನಿಂತಿದ್ದಂತೆಯೇ ಕಾಣಿಸಿತು: ಸೀರೆ ಎತ್ತಿ ಕಟ್ಟಿ ನಾನು ಆ ನೆಲ ಉಜ್ಜುತ್ತಿದ್ದೇನೆ. ಅವಳು ನೀಲಿ ಕಾರ್ಡು ಹಾಕಿಕೊಂಡು ಬಸ್ಸಿಗೆ ಹೊರಟಿದ್ದಾಳೆ. ಹನ್ನೊಂದೇ ದಿನ ದೊಡ್ಡವಳು.

"ಕಾಗದ ಬಂತಾ?" ಎಂದು ಕೇಳಿದಳು.

"ಇನ್ನೂ ಕೊಟ್ಟಿಲ್ಲ" ಎಂದೆ.

ಮಾತು ಬಾಯಿಂದ ಹೊರಬಂದ ಮೇಲೇ ಅದು ಸುಳ್ಳು ಎಂದು ನನಗೆ ತಿಳಿದದ್ದು. ತಿಳಿದ ಮೇಲೂ ತಿದ್ದಲಿಲ್ಲ. ಬ್ಯಾಗನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡೆ.

"ಸ್ವಲ್ಪ ಬೇಗ ಕೇಳೇ. ತಿಂಗಳ ಕೊನೆವರೆಗೂ ಮೇಷ್ಟ್ರು ಕಾಯ್ತಾರೆ, ಅಷ್ಟೇ. ನಾನೇ ಅವರ ಆಫೀಸಿಗೆ ಹೋಗಿಬಿಡ್ತಿದ್ದೆ. ಹೋದ್ರೆ ಆ ಸಾರು ನನ್ನ ನೋಡಿ, ನೀವ್ಯಾರಮ್ಮಾ, ರಂಜಿತ ಎಲ್ಲಿ ಅಂತಾನೆ!"

ಇಬ್ಬರೂ ನಕ್ಕೆವು. ಖಾಲಿ ಮನೆಯಲ್ಲಿ ನಗು ದೊಡ್ಡದಾಗಿ ಕೇಳಿತು.

ಊರಿಗೆ ಬಂದು ಕಾಗದವನ್ನು ಹುಳು ಮನೆಯ ಗೋಡೆಯ ಗೂಡಿನಲ್ಲಿ, ಸುಣ್ಣದ ಪುಡಿಯ ಡಬ್ಬದ ಕೆಳಗೆ ಇಟ್ಟೆ. ಹುಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ತಲೆ ಎತ್ತಿಕೊಂಡು, ಸೊಪ್ಪು ಮುಟ್ಟದೆ ಒಂದು ದಿನ ಸುಮ್ಮನೆ ಇರುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ಅವುಗಳ ಮೇಲೆ ಸುಣ್ಣ ಉದುರಿಸಬೇಕು. ಡಬ್ಬ ಎತ್ತಿದಾಗೆಲ್ಲ ಕಾಗದ ಕಾಣುತ್ತಿತ್ತು. ಮತ್ತೆ ಅದರ ಮೇಲೇ ಡಬ್ಬ ಇಡುತ್ತಿದ್ದೆ.

ರಂಜಿತ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಮೊದಮೊದಲು "ಬಂತಾ ಧನು?" ಆಮೇಲೆ "ಯಾಕಂತೆ ಇಷ್ಟು ದಿನ?" ಆಮೇಲೆ ಹಲೋ ಕೂಡ ಇಲ್ಲದೆ, "ಇಲ್ವಾ?" ನಾನು ಇಲ್ಲ ಎನ್ನುತ್ತಿದ್ದೆ. ಸುರೇಶ್ ಸಾರ್ ರಜಾ ಹಾಕಿದ್ದಾರೆ ಎಂದೆ, ಹೆಡ್ ಆಫೀಸಿನಿಂದ ಬರಬೇಕಂತೆ ಎಂದೆ. ಜೀವಮಾನವಿಡೀ ಮಾತಾಡದ ನನಗೆ ಇಷ್ಟೊಂದು ಮಾತು ಎಲ್ಲಿಂದ ಬರುತ್ತಿತ್ತೋ. ಫೋನ್ ಇಟ್ಟ ಮೇಲೆ ಹೊಟ್ಟೆಯೊಳಗೆ ಏನೋ ತಣ್ಣಗಾದಂತೆ ಆಗುತ್ತಿತ್ತು. ಅವಳ ಮನೆ, ಅವಳ ಸಂಬಳ, ಅವಳ ಬ್ಯಾಂಕು ಎಲ್ಲವೂ ನಮ್ಮ ಸುಣ್ಣದ ಡಬ್ಬದ ಕೆಳಗೆ ಕೂತಿದ್ದವು. ಮೊದಲ ಸಲ ಅವಳು ನನಗಾಗಿ ಕಾಯುತ್ತಿದ್ದಳು.

ಹುಳು ಹಣ್ಣಾದವು. ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಟ್ಟೆವು. ಗೂಡು ಕಟ್ಟಿ ಕಣ್ಣಿಗೆ ಕಾಣದಂತಾದ ಮೇಲೆ ಕೈಗೆ ಬಿಡುವು ಸಿಕ್ಕಿತು. ಆ ಭಾನುವಾರ ಅಮ್ಮ ಒಂದು ಚೀಲದ ತುಂಬ ರಾಗಿ ಹಿಟ್ಟು ಕೊಟ್ಟು, "ರಂಜಿಗೆ ಕೊಟ್ಟು ಬಾ, ಪೇಟೆ ಹಿಟ್ಟಲ್ಲಿ ಮುದ್ದೆ ಆಗಲ್ಲ" ಎಂದು ಕಳಿಸಿದಳು.

ಬಾಡಿಗೆ ಮನೆಯ ಬಾಗಿಲು ತೆರೆದೇ ಇತ್ತು. ನಾನು ಹೊರಗೆ ಚಪ್ಪಲಿ ಬಿಡುತ್ತಿದ್ದಾಗಲೇ ಶಾಮಲಮ್ಮನವರ ಮಾತು ಕೇಳಿಸಿತು.

"ಉಮೇಶನ ಹೆಸ್ರಿಗೇ ಮಾಡ್ಸಿ ಅಂತ ಮೊದ್ಲಿಂದ ಬಡ್ಕೊಂಡೆ. ಅವನ ಮೇಲೆ ಒಂದು ರೂಪಾಯಿ ಸಾಲ ಇಲ್ಲ. ಇವಳು ನೋಡಿದ್ರೆ ಊರವರಿಗೆಲ್ಲ ಹೆಸ್ರು ಹಂಚ್ಕೊಂಡು ಬಂದವ್ಳೆ."

ನನ್ನನ್ನು ಕಂಡು ಅವರು ಮಾತು ನಿಲ್ಲಿಸಲಿಲ್ಲ. ಇನ್ನೂ ಸ್ವಲ್ಪ ಜೋರು ಮಾಡಿದರು. "ಬಾಮ್ಮಾ, ಬಾ. ನಿಮ್ಮ ಸಾಲದ ಕಾಗದನೇ ಕಾಯ್ತಾ ಇದೀವಿ. ಹೊಸ ಮನೆಗೆ ಹೋಗ್ತೀವೋ, ಇಲ್ಲೇ ಕಾಯ್ತಾ ಮುದುಕರಾಗ್ತೀವೋ ಗೊತ್ತಿಲ್ಲ."

ಉಮೇಶ್ ಭಾವ ಕಾಲಿಗೆ ಶೂ ಹಾಕಿಕೊಳ್ಳುತ್ತಿದ್ದರು. ಒಂದು ಲೇಸನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದರು. "ಬುಧವಾರ ಕೊನೇ ದಿನ ಅಂತ ಬ್ಯಾಂಕ್ ಮ್ಯಾನೇಜರ್ ಹೇಳಿದಾರೆ" ಎಂದರು ನೆಲಕ್ಕೆ. "ಕಾಗದ ಬರದಿದ್ರೆ ನನ್ನ ಹೆಸ್ರಲ್ಲಿ ಹೊಸದಾಗಿ ಅರ್ಜಿ ಹಾಕಬಹುದಂತೆ. ಲೋನ್ ಯಾರದೋ, ಪತ್ರನೂ ಅವರ ಹೆಸ್ರಿಗೇ ಆದ್ರೆ ಸುಲಭ ಅಂತೆ."

ಇದನ್ನು ಒಪ್ಪಿದ್ದೇನೆ ಎಂದು ಅವರು ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ರಂಜಿತ ಒಳಗೆ ಊಟದ ಡಬ್ಬ ತೊಳೆಯುತ್ತಿದ್ದಳು. ಅವಳು ಈ ಮಾತಿಗೆ ಸಿಡಿದೇಳುತ್ತಾಳೆ, ನನ್ನ ದುಡ್ಡು ನನ್ನ ಸಂಬಳ ಎನ್ನುತ್ತಾಳೆ ಎಂದು ನಾನು ಕಾದೆ. ಅವಳು ನಾಲ್ಕು ಖಾನೆಯನ್ನೂ ಒಂದೊಂದಾಗಿ ಬೋರಲು ಹಾಕಿ, "ಹಂಗೇ ಮಾಡಿ" ಎಂದಳು. "ಯಾರ ಹೆಸ್ರಾದ್ರೇನು, ಇರೋರು ನಾವೇ ಅಲ್ವಾ."

ನನ್ನ ಕಡೆ ತಿರುಗಿ ಹಿಟ್ಟಿನ ಚೀಲ ತೆಗೆದುಕೊಂಡಳು. ಕಾಗದದ ಬಗ್ಗೆ ಕೇಳಲೇ ಇಲ್ಲ. "ಹುಳ ಹೆಂಗವೆ?" ಎಂದಷ್ಟೇ ಕೇಳಿದಳು. ಆ ದನಿ ನನಗೆ ಗೊತ್ತಿತ್ತು. ಮನೆಯಲ್ಲಿ ಈ ಬೆಳೆ ಒಂದು ಮುಗೀಲಿ ಎಂದಾಗ ನಾನು ಆಗಲಿ ಎಂದಿದ್ದೆನಲ್ಲ, ಅದೇ ದನಿ.

ಸುಳ್ಳು ಹೇಳುವುದಿಲ್ಲ, ವಾಪಸು ಬರುವಾಗ ಬಸ್ಸಿನಲ್ಲಿ ಅರ್ಧ ದಾರಿಯವರೆಗೂ ನನಗೆ ಖುಷಿಯಾಗಿತ್ತು. ಇನ್ನು ಅವಳಿಗೂ ಏನೂ ಇಲ್ಲ, ನನಗೂ ಏನೂ ಇಲ್ಲ. ಅವಳೂ ಇನ್ನೊಬ್ಬರ ಮನೆಯ ನೆಲ ಉಜ್ಜುತ್ತಾಳೆ. ಅರ್ಧ ದಾರಿ ಆದ ಮೇಲೆ ಆ ಖುಷಿಯಲ್ಲಿ ಏನೋ ಕೆಟ್ಟುಹೋದಂತಾಯಿತು. ನಾನು ಇಷ್ಟು ವರ್ಷ ಕಣ್ಣಿಟ್ಟು ನೋಡಿದ್ದು ಒಬ್ಬಳನ್ನೇ. ನಮ್ಮ ಕಡೆಯ ಹೆಂಗಸರಲ್ಲಿ ಸಾಲದ ಕಾರ್ಡು ಬಿಟ್ಟು ಇನ್ನೊಂದು ಕಾಗದದ ಮೇಲೆ ಹೆಸರು ಬರೆಸಿಕೊಳ್ಳುವಷ್ಟು ಹತ್ತಿರ ಬಂದವಳು ಅವಳೊಬ್ಬಳೇ. ಅವಳೂ ಇಲ್ಲವಾದರೆ ನಾನು ಹೊಟ್ಟೆ ಉರಿದುಕೊಳ್ಳುವುದಾದರೂ ಯಾವುದಕ್ಕೆ?

ಆದರೂ ಮನೆಗೆ ಬಂದು ನಾನು ಡಬ್ಬ ಎತ್ತಲಿಲ್ಲ. ಕಾಗದ ಕೊಟ್ಟರೆ ಅದರ ಮೇಲಿನ ತಾರೀಖನ್ನೂ ಕೊಟ್ಟಂತೆ. ನಾನೇ ಬರೆದ ತಾರೀಖು, ಚುಕ್ಕಿ ಇಟ್ಟ ಸಹಿಯ ಪಕ್ಕದಲ್ಲಿ.

ಮಂಗಳವಾರ ಬಂತು. ಹಾಜರಿ ಮುಗಿಸಿ ಸುರೇಶ್ ಸಾರ್ ಬ್ಯಾಗಿನಿಂದ ಹೊಸ ಫಾರಂ ತೆಗೆದರು.

"ರಂಜಿತ ಅವರೇ, ನಿಮಗೆ ಗುಡ್ ನ್ಯೂಸ್. ಹಳೇದಕ್ಕಿಂತ ಜಾಸ್ತಿ ಅಮೌಂಟ್ ಬಂದಿದೆ. ಇಲ್ಲಿ ಸೈನ್ ಹಾಕಿದ್ರೆ ಶುಕ್ರವಾರ ಅಕೌಂಟಿಗೆ ಬೀಳುತ್ತೆ."

ಅಮ್ಮ ನನ್ನ ತೊಡೆ ತಿವಿದಳು. ಎರಡು ಸೀಮೆಹಸುವಿನ ಮಾತು ಮನೆಯಲ್ಲಿ ಆಗಲೇ ನಡೆದಿತ್ತು. ನಮ್ಮಪ್ಪ ಗಂಗುಲಪ್ಪ ಯಾರದೋ ಕೊಟ್ಟಿಗೆಗೆ ಹೋಗಿ ಹಸು ನೋಡಿಯೂ ಬಂದಿದ್ದ. ಬ್ಯಾಂಕಿನ ವಿಷಯ ಅವರಿಬ್ಬರಿಗೂ ಗೊತ್ತಿರಲಿಲ್ಲ. ರಂಜಿತ ಹೇಳಿದ್ದು ನನಗೊಬ್ಬಳಿಗೇ.

ಪೆನ್ನು ನನ್ನ ಕೈಯಲ್ಲಿತ್ತು. ಬಾಲ, ಎರಡು ಚುಕ್ಕಿ, ಅಷ್ಟೇ. ಹೊಸ ಸಾಲ ಅವಳ ಹೆಸರಿಗೆ ಏರಿದ ಮೇಲೆ ಹಳೇ ಕಾಗದ ಕೊಟ್ಟರೂ ಒಂದೇ, ಕೊಡದಿದ್ದರೂ ಒಂದೇ. ಯಾರೂ ನನ್ನನ್ನು ಬೈಯುವಂತಿರಲಿಲ್ಲ. ಅಪ್ಪ ಅಮ್ಮ ಹಾಕು ಎಂದರು, ಹಾಕಿದೆ ಎಂದರೆ ಮುಗಿಯಿತು.

"ಏಮೇ, ಹಾಕೇ. ಸಾರ್‌ಗೆ ಲೇಟಾಗುತ್ತೆ" ಎಂದಳು ಅಮ್ಮ.

"ಬೇಡ ಸಾರ್" ಎಂದೆ.

ಜಗಲಿಯ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನನಗೆ ಅದೇ ಅಭ್ಯಾಸವಿಲ್ಲ. ಕಾಲಿನ ಹೆಬ್ಬೆರಳು ನೋಡುತ್ತ ಇನ್ನೊಮ್ಮೆ ಹೇಳಿದೆ. "ಬೇಡ. ನನಗೆ ಬೇಡ."

"ಯಾಕಮ್ಮಾ? ಬೇರೆ ಕಂಪನಿಯವರು ಬಂದಿದ್ರಾ?"

"ಇಲ್ಲ ಸಾರ್. ಸಾಲ ಬೇಡ."

"ಅಯ್ಯೋ, ಇದಕ್ಕೇನಾಯ್ತೋ!" ಎಂದು ಅಮ್ಮ ಹಣೆ ಬಡಿದುಕೊಂಡಳು. ಭಾರತಮ್ಮ ನಗುತ್ತ, "ಮೂರನೇ ಮಾತು ಕಲಿತ್ಲು ಬಿಡೇ ಆದಿಲಕ್ಷ್ಮಿ" ಎಂದರು. ನಾನು ಪೆನ್ನನ್ನು ಫಾರಮ್ಮಿನ ಮೇಲಿಟ್ಟು ಎದ್ದುಬಂದೆ. ಮನೆಗೆ ಬಂದು ಅಮ್ಮ ಬೈದ ಬೈಗುಳ ಇಲ್ಲಿ ಬರೆಯುವುದಿಲ್ಲ. ಅರ್ಧ ಕನ್ನಡ, ಅರ್ಧ ತೆಲುಗು.

ಬುಧವಾರ ಬೆಳಗ್ಗೆ ಅಪ್ಪ ರೇಷ್ಮೆ ಗೂಡು ಮಾರಲು ಟೆಂಪೋದಲ್ಲಿ ಕೋಲಾರಕ್ಕೆ ಹೊರಟ. ಮಾತು ಬಿಟ್ಟಿದ್ದ. ನಾನು ಕೇಳದೆಯೇ ಗೂಡಿನ ಮೂಟೆಗಳ ಪಕ್ಕ ಹತ್ತಿ ಕೂತೆ. ದಾರಿಯಲ್ಲಿ ರಂಜಿತಳಿಗೆ ಫೋನ್ ಮಾಡಿ, "ಕಾಗದ ಸಿಕ್ಕಿದೆ. ಬ್ಯಾಂಕಿಗೆ ಬಾ" ಎಂದೆ. ಅವಳು ಉತ್ತರ ಕೊಡುವ ಮುಂಚೆ ಫೋನ್ ಇಟ್ಟೆ.

ಅವಳು ಯೂನಿಫಾರಮ್ಮಿನಲ್ಲೇ ಬಂದಿದ್ದಳು. ಅರ್ಧ ದಿನ ರಜಾ ಹಾಕಿ ಓಡಿಬಂದಿದ್ದರಿಂದ ಮೂಗಿನ ಮೇಲೆ ಬೆವರು. ನಾನು ಕ್ಯಾಲೆಂಡರ್ ಹಾಳೆ ಬಿಚ್ಚಿ ಕಾಗದ ಕೈಗಿಟ್ಟೆ. ಓದುವ ತಾಳ್ಮೆ ಅವಳಿಗಿರಲಿಲ್ಲ. ನನ್ನ ಕೈ ಹಿಡಿದು ಎಳೆದುಕೊಂಡೇ ಒಳಗೆ ಹೋದಳು.

ಸಾಲದ ಟೇಬಲ್ಲಿನಲ್ಲಿ ಮುರಳಿಮೋಹನ್ ಎಂಬ ಆಫೀಸರು ಇದ್ದರು. ಕಾಗದ ತೆಗೆದುಕೊಂಡು ಫೂ ಎಂದು ಊದಿದರು. ಬಿಳೀ ಪುಡಿ ಹಾರಿತು.

"ಇದೇನ್ ಮೇಡಂ, ಸುಣ್ಣ? ಗೋಡೆಯೊಳಗಿಂದ ತೆಗೆದು ತಂದ್ರಾ?"

ರಂಜಿತ ನಕ್ಕಳು. ಆಫೀಸರು ಕನ್ನಡಕ ಸರಿಮಾಡಿಕೊಂಡು ಕೆಳಗಿನ ಸಾಲಿಗೆ ಬೆರಳಿಟ್ಟರು.

"ಇದನ್ನ ನೀವು ತಗೊಂಡು ಇಪ್ಪತ್ತೆರಡು ದಿನ ಆಗಿದೆಯಲ್ಲ. ನೀವೇ ಸೈನ್ ಹಾಕಿ ಡೇಟ್ ಬರೆದಿದೀರ. ದಿನಾ ಫೋನ್ ಮಾಡಿ ಇನ್ನೂ ಬಂದಿಲ್ಲ ಸಾರ್ ಅಂತಿದ್ರಿ. ಇಷ್ಟು ದಿನ ಯಾಕೆ ಇಟ್ಕೊಂಡಿದ್ರಿ?"

ರಂಜಿತ ಬಗ್ಗಿ ನೋಡಿದಳು. ಅವಳ ನಗು ಇನ್ನೂ ಮುಖದ ಮೇಲೇ ಇತ್ತು, ಅದನ್ನು ತೆಗೆಯುವುದು ಮರೆತಂತೆ. ಅವಳು ತಾರೀಖು ನೋಡಿದಳು. ಬಾಲ ನೋಡಿದಳು, ಎರಡು ಚುಕ್ಕಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಲಿಲ್ಲ. ತಗ್ಗಿಸಲು ಆಗಲಿಲ್ಲ ಎನ್ನುವುದು ಸರಿ.

ಇಟ್ಟುಕೊಂಡಿದ್ದು ನಾನಲ್ಲ, ಇವಳು ಎಂದು ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಹೇಳಿದರೆ ಸಹಿ ಯಾರದು ಎಂದು ಬರುತ್ತದೆ, ಸಾಲ ಯಾರದು ಎಂದು ಬರುತ್ತದೆ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಮರ್ತುಬಿಟ್ಟಿದ್ದೆ ಸಾರ್" ಎಂದಳು. "ಎಲ್ಲೋ ಇಟ್ಟು ಮರ್ತುಬಿಟ್ಟಿದ್ದೆ."

"ಮನೆ ತಗೊಳ್ಳೋರು ಹಿಂಗೆ ಮರೀತಾರಾ? ಸೈನ್ ಬೇರೆ ಸ್ವಲ್ಪ ಬೇರೆ ಥರ ಇದೆ."

"ಅವಸರದಲ್ಲಿ ಹಾಕಿದ್ದು ಸಾರ್."

ಅವಸರದಲ್ಲಿ ಹಾಕಿದ್ದಲ್ಲ. ಅವಳ ಸಹಿಗಿಂತ ಅದು ಎಷ್ಟೋ ಚೆನ್ನಾಗಿತ್ತು. ಆ ಹೊತ್ತಿನಲ್ಲೂ ನನಗೆ ಹಾಗೆ ಅನ್ನಿಸಿತು, ಏನು ಮಾಡಲಿ.

ಆಫೀಸರು ಗೊಣಗುತ್ತ ಜೆರಾಕ್ಸ್ ತೆಗೆಸಿ, ಅದರ ಮೇಲೆ ಅವಳ ಸಹಿ ಹಾಕಿಸಿ, ಫೈಲಿಗೆ ಸೇರಿಸಿದರು. "ಬೇರೆ ತೊಂದರೆ ಇಲ್ಲ. ಸ್ಕೂಟಿ ಕಂತು ಮಾತ್ರ ಒಂದೂ ತಪ್ಪಿಸಬೇಡಿ. ಮುಂದಿನ ವಾರ ಸ್ಯಾಂಕ್ಷನ್ ಆಗುತ್ತೆ. ಮನೆ ನಿಮ್ಮ ಹೆಸ್ರಿಗೇ ತಾನೆ?"

"ಹೌದು ಸಾರ್. ನನ್ನ ಹೆಸ್ರಿಗೇ" ಎಂದಳು ರಂಜಿತ.

ಹೊರಗೆ ಬಂದೆವು. ಬಸ್ ಸ್ಟ್ಯಾಂಡಿನವರೆಗೂ ಅವಳು ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ. ಟೀ ಅಂಗಡಿಯ ನೆರಳಿನಲ್ಲಿ ನಿಂತು, ನನ್ನ ಮುಖ ನೋಡದೆ ಕೇಳಿದಳು.

"ಮನೆ ನೋಡೋಕೆ ಬಂದ ದಿನ ನಿನ್ನ ಬ್ಯಾಗಲ್ಲೇ ಇತ್ತಾ?"

"ಹೂಂ."

"ಚಿಲಕ ಹಾಕಿ ತೆಗೆದೆಯಲ್ಲ, ಆಗ್ಲೂ?"

"ಹೂಂ."

"ಹೊಟ್ಟೆ ಉರೀತಾ?"

"ಹೂಂ."

"ಈಗ?"

ಇಷ್ಟು ದಿನ ಹೇಳಿದ ಸುಳ್ಳು ಸಾಕಾಗಿತ್ತು. "ಈಗ್ಲೂ" ಎಂದೆ.

ಅವಳು ಬೈಯುತ್ತಾಳೆ, ಇಲ್ಲ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೊರಳಿನ ನೀಲಿ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನಾನು ನಿನ್ನ ಜಾಗದಲ್ಲಿದ್ರೆ ತಂದು ಕೊಡ್ತಿರಲಿಲ್ಲ ಕಣೇ" ಎಂದಳು. ಅದು ಹೊಗಳಿಕೆಯೋ ಬೈಗುಳವೋ ನನಗೆ ತಿಳಿಯಲಿಲ್ಲ. "ಇನ್ಮೇಲೆ ಮಂಗಳವಾರ ನನ್ನ ಹೆಸ್ರಿಗೆ ಬಂದಿದೀನಿ ಅನ್ಬೇಡ. ಚಿಕ್ಕಮ್ಮನಿಗೂ ಹೇಳು."

"ಸರಿ."

ನರಸಾಪುರದ ಬಸ್ಸು ಬಂತು. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ಗೃಹಪ್ರವೇಶಕ್ಕೆ ಬಾ. ಎಲ್ಲರ ಜೊತೆ ಬಾ. ಎರಡು ದಿನ ಮುಂಚೆ ಬೇಡ."

ಬಸ್ಸು ಹೋಯಿತು. ಅವಳು ಕಿಟಕಿಯಿಂದ ಕೈ ಬೀಸಲಿಲ್ಲ. ಆ ನೆಲ ಉಜ್ಜುವುದು ತಪ್ಪಿತು ಎಂದು ನಾನು ಸಮಾಧಾನ ಪಟ್ಟುಕೊಳ್ಳಬೇಕಿತ್ತು. ಟೀ ಅಂಗಡಿಯವನು ಎರಡು ಸಲ ಏನು ಬೇಕಮ್ಮ ಎಂದು ಕೇಳುವವರೆಗೂ ಅಲ್ಲೇ ನಿಂತಿದ್ದೆ. ಇನ್ನೊಬ್ಬಳು ಯಾರೋ ಆ ಅಡುಗೆಮನೆ ಕಟ್ಟೆಯನ್ನು ಮೊದಲ ಸಲ ಒರೆಸುತ್ತಾಳೆ, ಪೂರ್ವದ ಕಿಟಕಿಯನ್ನು ಮೊದಲು ತೆಗೆಯುತ್ತಾಳೆ. ಯಾರೆಂದು ಗೊತ್ತಿಲ್ಲದ ಅವಳ ಮೇಲೂ ನನಗೆ ಹೊಟ್ಟೆ ಉರಿಯಿತು.

ಮುಂದಿನ ಮಂಗಳವಾರ ನಾನು ಮೀಟಿಂಗಿಗೆ ಹೋಗಲಿಲ್ಲ. ಜಗಲಿಗೂ ನಮ್ಮ ತೋಟಕ್ಕೂ ನಡುವೆ ಒಂದು ಬೇಲಿ ಮಾತ್ರ. ಸೊಪ್ಪು ಕೊಯ್ಯುತ್ತಿದ್ದಾಗ ಬೈಕ್ ನಿಂತ ಸದ್ದು ಕೇಳಿಸಿತು, ಹಾಜರಿ ಶುರುವಾಯಿತು.

"ಆದಿಲಕ್ಷ್ಮಿ."

"ಬಂದಿದೀನಿ."

"ರಂಜಿತ."

ಬಾಯಿಗೆ ಬಂದ ಮಾತನ್ನು ತಡೆದುಕೊಂಡೆ.

"ರಂಜಿತ ಬಂದಿಲ್ವಾ?"

"ಹೆಸ್ರು ಹೊಡೆದಾಕಿ ಸಾರ್. ಅವಳಿಗೆ ಸಾಲ ಬೇಡ್ವಂತೆ, ಮಹಾರಾಣಿಗೆ" ಎಂದಳು ಅಮ್ಮ. ಹೆಂಗಸರು ನಕ್ಕರು. ಸುರೇಶ್ ಸಾರ್ ಪುಟದ ಮೇಲೆ ಗೆರೆ ಎಳೆದಿರಬೇಕು. ಆಮೇಲೆ ಮುಂದಿನ ಹೆಸರು ಕೂಗಿದರು.

ನಾನು ಹೊರೆ ಕಟ್ಟಿ ತಲೆಗೇರಿಸಿದೆ. ಆ ದಿನ ಮಧ್ಯಾಹ್ನ ಹುಟ್ಟಿದ ವರ್ಷದ ದಾಖಲೆ ಕೇಳಲೆಂದು ಸ್ಕೂಲಿಗೆ ಹೋಗಿ, ಹೊರಗೆ ಗೇಟಿನ ಹತ್ತಿರ ಎಷ್ಟೋ ಹೊತ್ತು ನಿಂತೆ. ಒಬ್ಬ ಮೇಷ್ಟ್ರು ಹೊರಗೆ ಬಂದು, "ಯಾರಮ್ಮಾ ನೀನು?" ಎಂದು ಕೇಳಿದರು.

"ಧನಶ್ರೀ ಸಾರ್" ಎಂದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.